ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಕೈಕೊಡುತ್ತಿದೆಯೇ? ಮೊದಲು ಡೇಟಾ ತೆಗೆಯಿರಿ, ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿರಿ

ಆನ್ ಮಾಡಿದರೆ ಡೆಸ್ಕ್‌ಟಾಪ್ ಬರಲು ಐದಾರು ನಿಮಿಷ ಬೇಕು. ಫೋಲ್ಡರ್ ತೆರೆದರೆ ಮೇಲಿನ ಹಸಿರು ಪಟ್ಟಿ ತೆವಳುತ್ತಲೇ ಇರುತ್ತದೆ. ಫೋಟೋ ಕಾಪಿ ಮಾಡಲು ಹೋದರೆ ಅರ್ಧಕ್ಕೆ ನಿಂತು ಇಡೀ ಲ್ಯಾಪ್‌ಟಾಪ್ ಮರಗಟ್ಟಿಬಿಡುತ್ತದೆ. ಇಂಥ ಲ್ಯಾಪ್‌ಟಾಪ್ ಕೈಗೆ ಬಂದರೆ ಹೆಚ್ಚಿನವರು ಮೊದಲು ಮಾಡುವುದು ಎರಡೇ ಕೆಲಸ: ವಿಂಡೋಸ್‌ನ ಡಿಸ್ಕ್ ತಪಾಸಣೆಯಾದ ಚೆಕ್‌ಡಿಸ್ಕ್ ಓಡಿಸುವುದು, ಇಲ್ಲವೇ ಫಾರ್ಮ್ಯಾಟ್ ಹೊಡೆಯುವುದು. ಸಾಯುತ್ತಿರುವ ಡಿಸ್ಕ್‌ಗೆ ಇವೆರಡೂ ವಿಷ. ಅಂಥ ಡಿಸ್ಕ್‌ನಲ್ಲಿ ಇನ್ನೆಷ್ಟು ಗಂಟೆ ಓದು ಉಳಿದಿದೆಯೋ ಗೊತ್ತಿಲ್ಲ. ಉಳಿದಷ್ಟನ್ನೂ ಡೇಟಾ ಹೊರತೆಗೆಯಲು ಬಳಸಬೇಕೇ ಹೊರತು ಡಿಸ್ಕ್ ಪರೀಕ್ಷೆ ಮಾಡಿ ಕಳೆಯಬಾರದು. ಈ ಬರಹದಲ್ಲಿ ಹೇಳುವ ಕ್ರಮವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು 2.5 ಇಂಚಿನ, 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಸಾಟಾ (ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಒಂದು ಬಗೆ) ಹಾರ್ಡ್ ಡಿಸ್ಕ್ ಇರುವ ವಿಂಡೋಸ್ ಲ್ಯಾಪ್‌ಟಾಪ್. ಅದರ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ, ಚಿಪ್‌ಗಳ ಡಿಸ್ಕ್, ಹಾಕುತ್ತೇವೆ. ಹಾರ್ಡ್ ಡಿಸ್ಕ್ ತೆಗೆದು ಮತ್ತೆ ಹಾರ್ಡ್ ಡಿಸ್ಕನ್ನೇ ಹಾಕಿಸುವುದರಲ್ಲಿ ಈಗ ಅರ್ಥವಿಲ್ಲ.

ನಿಧಾನ ಎಂದ ಮಾತ್ರಕ್ಕೆ ಡಿಸ್ಕ್ ಹಾಳಾಗಿಲ್ಲ

4 ಜಿಬಿ ರ‍್ಯಾಮ್‌ನಲ್ಲಿ ವಿಂಡೋಸ್ 10 ಓಡುತ್ತಿದ್ದರೆ ಚೆನ್ನಾಗಿರುವ ಡಿಸ್ಕ್ ಕೂಡ ಉಸಿರುಗಟ್ಟುತ್ತದೆ. ಹಾಗಾಗಿ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಟ್ಯಾಬ್ ತೆರೆದು ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಆಕ್ಟಿವ್ ಟೈಮ್ 100% ಇದೆ ಎಂಬುದೊಂದೇ ಏನನ್ನೂ ಹೇಳುವುದಿಲ್ಲ. ಅದರ ಕೆಳಗಿನ ಆವರೇಜ್ ರೆಸ್ಪಾನ್ಸ್ ಟೈಮ್ ನೋಡಿ. ಚೆನ್ನಾಗಿರುವ ಡಿಸ್ಕ್ ಕೆಲಸದ ಒತ್ತಡದಲ್ಲಿದ್ದಾಗ ಇದು ಹತ್ತಾರು ಮಿಲಿಸೆಕೆಂಡ್, ಕೆಲವೊಮ್ಮೆ ನೂರಿನ್ನೂರು ಇರಬಹುದು. ಓದುವ ವೇಗ ಕೆಲವೇ ನೂರು ಕೆಬಿಗೆ ಇಳಿದು, ರೆಸ್ಪಾನ್ಸ್ ಟೈಮ್ ಮತ್ತೆ ಮತ್ತೆ ಸಾವಿರಗಳಿಗೆ ಏರುತ್ತಿದ್ದರೆ, ಡಿಸ್ಕ್ ಒಂದೇ ಜಾಗವನ್ನು ಪದೇ ಪದೇ ಓದಲು ಯತ್ನಿಸಿ ಸೋಲುತ್ತಿದೆ ಎಂದು ತಿಳಿಯಬಹುದು.

ಇದಕ್ಕೆ ಸಾಕ್ಷಿ ಇವೆಂಟ್ ವ್ಯೂವರ್‌ನಲ್ಲಿ ಸಿಗುತ್ತದೆ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ತೆರೆದು, ಮೂಲದ ಹೆಸರು ಡಿಸ್ಕ್ ಎಂದಿರುವ ಸಾಲುಗಳನ್ನು ಹುಡುಕಿ. ಇವೆಂಟ್ ಐಡಿ 7 ಇದ್ದರೆ ಬ್ಯಾಡ್ ಬ್ಲಾಕ್ (ಓದಲಾಗದ ಜಾಗ) ಸಿಕ್ಕಿದೆ ಎಂದರ್ಥ. 153 ಎಂದರೆ ಓದು ಅಥವಾ ಬರಹ ವಿಫಲವಾಗಿ ಮತ್ತೊಮ್ಮೆ ಯತ್ನಿಸಬೇಕಾಯಿತು. 11 ಕಂಡರೆ ಕಂಟ್ರೋಲರ್ ದೋಷ, ಅಲ್ಲಿ ಕೇಬಲ್ ಮೇಲೂ ಅನುಮಾನ ಇರಲಿ. ಯಾವಾಗಲೋ ಒಂದು ಸಾಲು ಇದ್ದರೆ ಗಾಬರಿ ಬೇಡ. ಒಂದೇ ದಿನ ಸಾಲುಸಾಲಾಗಿ 7 ಬಿದ್ದಿದ್ದರೆ ಮುಂದಿನ ಪರೀಕ್ಷೆಗೆ ಕಾಯದೆ ಬ್ಯಾಕಪ್‌ಗೆ ಹೊರಡಿ.

ಇನ್ನು ಸದ್ದು. ಪ್ಲಾಸ್ಟಿಕ್ ಮೇಲೆ ಕಿವಿ ಇಟ್ಟರೆ ಸಣ್ಣ ಕಿರಕಿರ ಕೇಳುವುದು ಸಹಜ. ಒಂದೇ ತಾಳದಲ್ಲಿ ಟಕ್, ಟಕ್, ಟಕ್ ಎಂದು ಬಡಿದು ಆಮೇಲೆ ಡಿಸ್ಕ್ ತಿರುಗುವುದೇ ನಿಂತರೆ, ಡೇಟಾ ಓದುವ ಹೆಡ್‌ಗೆ ತನ್ನ ದಾರಿಯ ಗುರುತು ಸಿಗದೆ ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತಿದೆ. ಸಣ್ಣಗೆ ಬೀಪ್‌ನಂಥ ಸದ್ದು ಬಂದು ತಿರುಗದಿದ್ದರೆ ಮೋಟಾರ್ ಸಿಕ್ಕಿಕೊಂಡಿದೆ, ಅಥವಾ ಹೆಡ್ ಪ್ಲ್ಯಾಟರ್‌ಗೆ (ಡೇಟಾ ಇರುವ ತಿರುಗುವ ತಟ್ಟೆಗೆ) ಅಂಟಿಕೊಂಡಿದೆ. ಈ ಎರಡೂ ಸದ್ದಿಗೆ ಮನೆಮದ್ದಿಲ್ಲ. ಡೇಟಾ ಬೇಕೇಬೇಕು ಎಂದಾದರೆ ಕರೆಂಟ್ ತೆಗೆದು, ಮತ್ತೆ ಆನ್ ಮಾಡದೆ, ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ. ಫ್ರೀಜರ್‌ನಲ್ಲಿ ಇಡುವುದು, ಮೇಜಿಗೆ ತಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು ಎಲ್ಲವೂ ಲ್ಯಾಬ್‌ನವರ ಕೆಲಸವನ್ನು ಕೆಡಿಸುತ್ತವೆ. ಹೆಡ್ ಪ್ಲ್ಯಾಟರ್‌ನಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಓಡುತ್ತದೆ, ಅದಕ್ಕೆ ಧೂಳಿನ ಒಂದು ಕಣವೇ ಬಂಡೆ. ಇನ್ನೊಂದು ಡಿಸ್ಕ್‌ನ ಹಸಿರು ಬೋರ್ಡ್ ತಂದು ಹಾಕಿದರಾಯಿತು ಎನ್ನುವವರ ಮಾತೂ ಬೇಡ: ಆ ಬೋರ್ಡ್‌ನ ಒಂದು ಚಿಪ್‌ನಲ್ಲಿ ಆಯಾ ಡಿಸ್ಕ್‌ಗೇ ಹೊಂದಿಸಿದ ಅಳತೆಗಳಿರುತ್ತವೆ, ಹಳೆಯ ಬೋರ್ಡ್‌ನ ಆ ಚಿಪ್ಪನ್ನು ಹೊಸದಕ್ಕೆ ಹಾಕದೆ ಈಗಿನ ಡಿಸ್ಕ್‌ಗಳು ಏಳುವುದಿಲ್ಲ.

ಸ್ಮಾರ್ಟ್ ವರದಿ ಓದುವ ಬಗೆ

ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ಇದನ್ನು ನೋಡುವುದರಿಂದ ಡಿಸ್ಕ್‌ಗೆ ಆಯಾಸವಿಲ್ಲ. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ಲಿನಕ್ಸ್ ಆದರೆ ಡಿಸ್ಕ್ಸ್ ಎಂಬ ಪ್ರೋಗ್ರಾಮ್‌ನ ಮೆನುವಿನಲ್ಲೇ ಇದೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ನೀಲಿ ಇದ್ದರೆ ಗುಡ್, ಹಳದಿ ಇದ್ದರೆ ಕಾಷನ್, ಕೆಂಪು ಇದ್ದರೆ ಬ್ಯಾಡ್. ಬಣ್ಣ ನೋಡಿ ಸುಮ್ಮನಾಗಬೇಡಿ, ಕೊನೆಯ ಕಾಲಂನ ರಾ ವ್ಯಾಲ್ಯೂಸ್ ನೋಡಿ. ಎಡವುವುದು ಇಲ್ಲೇ: ಆ ಕಾಲಂ ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ) ಇರುತ್ತದೆ. ಸೊನ್ನೆಗಳ ಸಾಲಿನ ಕೊನೆಗೆ 48 ಎಂದಿದ್ದರೆ ಅದು ನಲವತ್ತೆಂಟಲ್ಲ, 72. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಎಂಬಲ್ಲಿ 10 ಎಂದಿರುವುದನ್ನು ಆರಿಸಿದರೆ ನಮ್ಮ ಮಾಮೂಲಿ ಅಂಕಿಗಳಲ್ಲಿ ಕಾಣುತ್ತದೆ.

ನೋಡಬೇಕಾದ ಸಾಲುಗಳು ನಾಲ್ಕೇ.

05, ರೀಅಲೊಕೇಟೆಡ್ ಸೆಕ್ಟರ್ಸ್: ಕೆಟ್ಟುಹೋಗಿ, ಬದಲಿಗೆ ಮೀಸಲು ಜಾಗದಿಂದ ಬೇರೆ ಸೆಕ್ಟರ್ (ಡಿಸ್ಕ್‌ನಲ್ಲಿ ಡೇಟಾ ಇಡುವ ಅತಿ ಸಣ್ಣ ತುಂಡು) ಕೊಟ್ಟಾಗಿರುವ ಲೆಕ್ಕ. ಸೊನ್ನೆ ಇರಬೇಕು. ವರ್ಷದಿಂದ 8ರಲ್ಲೇ ನಿಂತಿದ್ದರೆ ಕಣ್ಣಿಟ್ಟು ಬಳಸಬಹುದು; ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸಿ.

ಸಿ5, ಕರೆಂಟ್ ಪೆಂಡಿಂಗ್ ಸೆಕ್ಟರ್ಸ್: ಓದಲು ಆಗದೆ, ಇನ್ನೂ ತೀರ್ಮಾನವಾಗದೆ ಉಳಿದಿರುವ ಸೆಕ್ಟರ್‌ಗಳು. ನಾಲ್ಕರಲ್ಲಿ ಅತಿ ಮುಖ್ಯವಾದುದು ಇದೇ, ಯಾಕೆಂದರೆ ಇಲ್ಲಿ ಎಣಿಕೆಯಾಗುತ್ತಿರುವುದು ಈ ಕ್ಷಣದಲ್ಲಿ ಕೈಗೆ ಸಿಗದಿರುವ ನಿಮ್ಮ ಡೇಟಾ. ಫಾರ್ಮ್ಯಾಟ್ ಮಾಡಿದ ಮೇಲೆ ಸಿ5 ಸೊನ್ನೆಯಾಯಿತು, ಡಿಸ್ಕ್ ಸರಿಹೋಯಿತು ಎನ್ನುವವರಿದ್ದಾರೆ. ಆ ಸೆಕ್ಟರ್ ಮೇಲೆ ಹೊಸದಾಗಿ ಬರೆದಾಗ, ಬರಹ ನಿಂತರೆ ಎಣಿಕೆ ಇಳಿಯುತ್ತದೆ, ನಿಲ್ಲದಿದ್ದರೆ ಅದು 05ಕ್ಕೆ ವರ್ಗವಾಗುತ್ತದೆ. ಎರಡರಲ್ಲೂ ಹಳೆಯ ಡೇಟಾ ಹೋದಂತೆಯೇ.

ಸಿ6, ಅನ್‌ಕರೆಕ್ಟಬಲ್: ಡಿಸ್ಕ್ ತಾನಾಗಿ ನಡೆಸುವ ತಪಾಸಣೆಯಲ್ಲೂ ಓದಲು ಸೋತ ಸೆಕ್ಟರ್‌ಗಳು. ಸಾಮಾನ್ಯವಾಗಿ ಸಿ5ರ ಜೊತೆಯಲ್ಲೇ ಇರುತ್ತದೆ.

ಸಿ7, ಸಿಆರ್‌ಸಿ ಎರರ್: ಇದು ಡಿಸ್ಕ್‌ನ ದೋಷವಲ್ಲ, ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ದಾರಿಯದು. ಉಳಿದ ಮೂರೂ ಸೊನ್ನೆ ಇದ್ದು ಇದೊಂದೇ ಏರುತ್ತಿದ್ದರೆ ಹೊಸ ಡಿಸ್ಕ್ ಕೊಳ್ಳುವ ಮೊದಲು ಒಳಗಿನ ತೆಳು ಫ್ಲೆಕ್ಸ್ ಕೇಬಲ್ ಬಿಚ್ಚಿ ಮತ್ತೆ ಕೂರಿಸಿ, ಇಲ್ಲವೇ ಅದನ್ನು ಬದಲಿಸಿ. ಈ ಅಂಕಿ ಒಮ್ಮೆ ಏರಿದರೆ ಇಳಿಯುವುದಿಲ್ಲ. ಕೇಬಲ್ ಸರಿಪಡಿಸಿದ ಮೇಲೆ ಮತ್ತೆ ಏರುತ್ತದೋ ಇಲ್ಲವೋ ಎಂಬುದಷ್ಟೇ ಮುಖ್ಯ.

ಸೀಗೇಟ್ ಡಿಸ್ಕ್‌ಗಳಲ್ಲಿ 01 ಮತ್ತು 07ನೇ ಸಾಲುಗಳಲ್ಲಿ ಕೋಟಿಗಟ್ಟಲೆ ಅಂಕಿ ಕಾಣುವುದು ಮಾಮೂಲಿ. ಆ ಕಂಪನಿ ಅಲ್ಲಿ ದೋಷದ ಜೊತೆಗೆ ಒಟ್ಟು ಓದಿನ ಲೆಕ್ಕವನ್ನೂ ಸೇರಿಸಿ ಬರೆಯುತ್ತದೆ.

ಸ್ಮಾರ್ಟ್ ಎಲ್ಲ ಸರಿ ಎಂದರೂ ಡಿಸ್ಕ್ ಮರುದಿನವೇ ಸಾಯಬಹುದು ಎಂಬುದೂ ನಿಜ. ಅದು ಕೆಟ್ಟದ್ದು ಹೇಳಿದರೆ ನಂಬಿ. ಒಳ್ಳೆಯದು ಹೇಳಿದರೆ ಇತರ ಲಕ್ಷಣಗಳ ಜೊತೆ ಇಟ್ಟು ನೋಡಿ.

ಡೇಟಾ ಹೊರತೆಗೆಯುವುದು

ದಾರಿ ಯಾವುದೆಂದು ಸಿ5 ನೋಡಿ ತೀರ್ಮಾನಿಸಿ. ಹತ್ತಿಪ್ಪತ್ತರೊಳಗಿದ್ದು, ವಿಂಡೋಸ್ ಇನ್ನೂ ಏಳುತ್ತಿದ್ದರೆ, ಮುಖ್ಯ ಫೋಲ್ಡರ್‌ಗಳನ್ನು ಮೊದಲು ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಇಡೀ ಸಿ ಡ್ರೈವನ್ನು ಎಳೆಯಬೇಡಿ. ಮತ್ತೆ ಸಿಗದಿರುವುದು ಮೊದಲು: ಫೋಟೋ, ದಾಖಲೆ, ಲೆಕ್ಕಪತ್ರ. ಸಿನಿಮಾ ಕೊನೆಗೆ.

ಕಾಪಿ ಮಾಡುವಾಗ ಜನ ಮರೆಯುವ ಕೆಲವು ಇವೆ. ಟ್ಯಾಲಿ ಇದ್ದರೆ ಅದರ ಡೇಟಾ ಪಾತ್ ಎಲ್ಲಿದೆ ಎಂದು ಟ್ಯಾಲಿಯಲ್ಲೇ ನೋಡಿಕೊಳ್ಳಿ, ಅದು ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿ ಇರಬೇಕೆಂದಿಲ್ಲ. ಔಟ್‌ಲುಕ್‌ನ ಪಿಎಸ್‌ಟಿ ಫೈಲ್, ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್ ಇನ್ನೆರಡು. ನುಡಿ, ಬರಹ, ಶ್ರೀಲಿಪಿಯಲ್ಲಿ ಯುನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ಎತ್ತಿಟ್ಟುಕೊಳ್ಳಿ. ಹೊಸ ವಿಂಡೋಸ್‌ನಲ್ಲಿ ಫಾಂಟ್ ಇಲ್ಲದಿದ್ದರೆ ಇಪ್ಪತ್ತು ವರ್ಷದ ಪತ್ರವ್ಯವಹಾರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ.

ಸಿ5 ನೂರು ದಾಟಿದ್ದರೆ, ಕಣ್ಣೆದುರೇ ಏರುತ್ತಿದ್ದರೆ, ಅಥವಾ ವಿಂಡೋಸ್ ಏಳದಿದ್ದರೆ ಫೈಲ್ ಕಾಪಿ ಸರಿಯಾದ ದಾರಿಯಲ್ಲ. ವಿಂಡೋಸ್ ಒಂದು ಕೆಟ್ಟ ಸೆಕ್ಟರ್ ಸಿಕ್ಕಲ್ಲೇ ಜೋತುಬಿದ್ದು ಡಿಸ್ಕನ್ನು ಸವೆಸುತ್ತದೆ. ಆಗ ಬೇಕಾಗಿರುವುದು ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮ್. ಇದು ಮೊದಲ ಸುತ್ತಿನಲ್ಲಿ ಸಲೀಸಾಗಿ ಸಿಗುವ ಭಾಗಗಳನ್ನೆಲ್ಲ ಬಾಚಿಕೊಂಡು, ತಕರಾರು ಮಾಡುವ ಜಾಗಗಳನ್ನು ಹಾರಿ ಮುಂದೆ ಹೋಗುತ್ತದೆ. ಆ ಜಾಗಗಳಿಗೆ ಆಮೇಲೆ ಮರಳುತ್ತದೆ. ಯಾವುದು ಸಿಕ್ಕಿದೆ, ಯಾವುದು ಬಾಕಿ ಎಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು.

ಬೇಕಾದ್ದು: ಸಿಸ್ಟಮ್‌ರೆಸ್ಕ್ಯೂ ಎಂಬ, ಪೆನ್‌ಡ್ರೈವ್‌ನಿಂದಲೇ ಏಳುವ ಲಿನಕ್ಸ್ ಬರೆದ ಒಂದು ಪೆನ್‌ಡ್ರೈವ್ (ಇದರಲ್ಲಿ ಡಿಡಿರೆಸ್ಕ್ಯೂ ಮೊದಲೇ ಇದೆ), ಮ್ಯಾಪ್ ಫೈಲ್ ಇಡಲು ಇನ್ನೊಂದು ಪೆನ್‌ಡ್ರೈವ್, ಮತ್ತು ಯುಎಸ್‌ಬಿ ಕೇಸಿಂಗ್‌ನಲ್ಲಿ ಹಾಕಿದ ಹೊಸ ಎಸ್‌ಎಸ್‌ಡಿ. ಹಳೆಯ ಡಿಸ್ಕ್ ಲ್ಯಾಪ್‌ಟಾಪ್ ಒಳಗೇ ಇರಲಿ. ಅದನ್ನು ಹೊರತೆಗೆದು ಯುಎಸ್‌ಬಿ ಕೇಸಿಂಗ್‌ಗೆ ಹಾಕಿದರೆ, ಕೆಟ್ಟ ಸೆಕ್ಟರ್ ಬಂದಾಗ ಕೇಸಿಂಗ್‌ನ ಚಿಪ್ಪೇ ತಲೆತಿರುಗಿ ಸಂಪರ್ಕ ಕಡಿದುಕೊಳ್ಳುವುದು ಹೆಚ್ಚು.

ಇಲ್ಲೊಂದು ಗಾತ್ರದ ಲೆಕ್ಕವಿದೆ. 500 ಜಿಬಿ ಹಾರ್ಡ್ ಡಿಸ್ಕ್‌ನಲ್ಲಿ 512 ಬೈಟಿನ ಸೆಕ್ಟರ್‌ಗಳು 97,67,73,168. 480 ಜಿಬಿ ಎಸ್‌ಎಸ್‌ಡಿಯಲ್ಲಿ 93,77,03,088. ಡಿಡಿರೆಸ್ಕ್ಯೂ ಸೆಕ್ಟರ್‌ಗೆ ಸೆಕ್ಟರ್ ನಕಲು ಮಾಡುವುದರಿಂದ 480 ಸಾಲುವುದಿಲ್ಲ, 500 ಅಥವಾ ಅದಕ್ಕಿಂತ ದೊಡ್ಡದೇ ಬೇಕು. ಅಂಗಡಿಯಲ್ಲಿ ಎರಡೂ ಒಂದೇ ಎನ್ನುತ್ತಾರೆ. ಹೊಸ ವಿಂಡೋಸ್ ಹಾಕುವುದಾದರೆ ಮಾತ್ರ ಒಂದೇ.

ಆಜ್ಞೆಯಲ್ಲಿ ಬರೆಯುವ ಕ್ರಮ ಹೀಗೆ: ಡಿಡಿರೆಸ್ಕ್ಯೂ, ಆಯ್ಕೆಗಳು, ಮೂಲ ಡ್ರೈವ್, ಗುರಿ ಡ್ರೈವ್, ಮ್ಯಾಪ್ ಫೈಲ್. ಮೂಲ ಮತ್ತು ಗುರಿ ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿ ನಿಮ್ಮ ಡೇಟಾ ಮೇಲೆ ಬರೆದುಬಿಡುತ್ತದೆ. ಲಿನಕ್ಸ್ ಡ್ರೈವ್‌ಗಳಿಗೆ ಕೊಡುವ ಹೆಸರುಗಳಲ್ಲಿ ಎಸ್‌ಡಿಎ (sda) ಯಾವುದು, ಎಸ್‌ಡಿಬಿ (sdb) ಯಾವುದು ಎಂದು ಗಾತ್ರ ನೋಡಿ ಊಹಿಸಬೇಡಿ, ಮಾಡೆಲ್ ಮತ್ತು ಸೀರಿಯಲ್ ನಂಬರನ್ನು ಲೇಬಲ್ ಜೊತೆ ಹೋಲಿಸಿ. ಮೊದಲ ಸುತ್ತಿಗೆ ಮೂರು ಆಯ್ಕೆ: ಡೈರೆಕ್ಟ್ ಆಗಿ ಓದಲು ಚಿಕ್ಕಕ್ಷರದ ಡಿ (-d), ಕೆಟ್ಟ ಜಾಗಗಳನ್ನು ಕೆರೆಯುವ ಹಂತ ಬಿಟ್ಟುಬಿಡಲು ಎನ್ (-n), ಡ್ರೈವ್ ಮೇಲೆ ಬರೆಯಲು ಒಪ್ಪಿಗೆಯ ಎಫ್ (-f). ಇದು ಮುಗಿದ ಮೇಲೆ ಎನ್ ತೆಗೆದು, ಆರ್3 (-r3) ಸೇರಿಸಿ, ಅದೇ ಮ್ಯಾಪ್ ಫೈಲ್ ಕೊಟ್ಟು ಎರಡನೇ ಸುತ್ತು ಓಡಿಸಿ. ಉಳಿದ ಕೆಟ್ಟ ಜಾಗಗಳಿಗೆ ಅದು ಇನ್ನೂ ಮೂರು ಸಲ ಯತ್ನಿಸುತ್ತದೆ. ಮ್ಯಾಪ್ ಫೈಲನ್ನು ಸಿಸ್ಟಮ್‌ರೆಸ್ಕ್ಯೂ ಎದ್ದಿರುವ ಮೆಮೊರಿಯಲ್ಲಿ ಇಟ್ಟರೆ ಕರೆಂಟ್ ಹೋದಾಗ ಅದೂ ಹೋಗುತ್ತದೆ, ಎರಡನೇ ಪೆನ್‌ಡ್ರೈವ್ ಇರುವುದೇ ಅದಕ್ಕೆ.

ಸೆಕೆಂಡಿಗೆ 80 ಎಂಬಿ ಸಿಕ್ಕರೆ 500 ಜಿಬಿಗೆ ಸುಮಾರು ಒಂದೂಮುಕ್ಕಾಲು ಗಂಟೆ. ಎಸ್‌ಎಸ್‌ಡಿಯನ್ನು ಹಳೆಯ ಯುಎಸ್‌ಬಿ 2 ಪೋರ್ಟ್‌ಗೆ ಚುಚ್ಚಿದ್ದರೆ ನಾಲ್ಕು ಗಂಟೆ ದಾಟುತ್ತದೆ. ಕೆಟ್ಟ ಜಾಗಗಳ ಹಂತ ರಾತ್ರಿಯಿಡೀ ಹಿಡಿಯಬಹುದು. ಚಾರ್ಜರ್ ಹಾಕಿಡಿ, ಡಿಸ್ಕ್ ಇರುವ ಕಡೆಗೆ ಫ್ಯಾನ್ ಗಾಳಿ ಬರಲಿ, ಲ್ಯಾಪ್‌ಟಾಪ್ ಅಲುಗಿಸಬೇಡಿ. ಕೊನೆಯ ಯಶಸ್ವಿ ಓದು ಆಗಿ ಗಂಟೆಗಳೇ ಕಳೆದಿವೆ ಎಂದು ಪರದೆ ತೋರಿಸಿದರೆ, ಅಥವಾ ಟಕಟಕ ಶುರುವಾದರೆ, ಸಿಕ್ಕಷ್ಟಕ್ಕೆ ನಿಲ್ಲಿಸಿ.

ಚೆಕ್‌ಡಿಸ್ಕ್‌ನ ಸರದಿ ಈಗ ಬಂತು. ಅದನ್ನು ಓಡಿಸಬೇಕಾದುದು ನಕಲಿನ ಮೇಲೆ, ಹಳೆಯ ಡಿಸ್ಕ್ ಮೇಲಲ್ಲ.

ಕೀ ಇಲ್ಲದೆ ಡಿಸ್ಕ್ ಓದಲಾಗದಂತೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಇದ್ದರೆ ಇದಕ್ಕೆಲ್ಲ ಮೊದಲು 48 ಅಂಕಿಯ ರಿಕವರಿ ಕೀ ಹುಡುಕಿ ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆದರೆ ಸಾಮಾನ್ಯವಾಗಿ ಸಿಗುತ್ತದೆ.

ಏನು ಕೊಳ್ಳಬೇಕು

2.5 ಇಂಚಿನ ಎಸ್‌ಎಸ್‌ಡಿಗಳು ಹೆಚ್ಚಾಗಿ 7 ಮಿಮೀ ದಪ್ಪ. ಹಳೆಯ ಹಾರ್ಡ್ ಡಿಸ್ಕ್ 9.5 ಮಿಮೀ ಇದ್ದರೆ ಒಳಗೆ ಆಡದಂತೆ 2.5 ಮಿಮೀ ಸ್ಪೇಸರ್ ಬೇಕಾಗಬಹುದು. ಕ್ಯಾಡಿಗೆ (ಡಿಸ್ಕ್ ಕೂರುವ ಚೌಕಟ್ಟಿಗೆ) ಸ್ಕ್ರೂ ಬೀಳುವ ಮಾದರಿಯಾದರೆ ಅದೂ ಬೇಡ. ಸಾಟಾದಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 550 ಎಂಬಿ ಆಸುಪಾಸು, ಯಾವ ಬ್ರ್ಯಾಂಡ್ ಆದರೂ ಇದಕ್ಕಿಂತ ಮೇಲೆ ಹೋಗದು. ಬಾಕ್ಸ್ ಮೇಲೆ 3000 ಎಂದು ಬರೆದ ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಇನ್ನೊಂದು ಬಗೆಯ ಎಸ್‌ಎಸ್‌ಡಿ) ಕಡ್ಡಿಯನ್ನು ನೋಡಿ ಮರುಳಾಗಿ ತಂದರೆ ಈ ಸಾಕೆಟ್‌ಗೆ ಹೊಂದುವುದೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಕಡ್ಡಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದ್ದರೂ, ಅದು ಸಾಟಾ ಮಾತ್ರ ಒಪ್ಪುತ್ತದೋ ಎನ್‌ವಿಎಂಇಯನ್ನೂ ಒಪ್ಪುತ್ತದೋ ಎಂದು ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿಕೊಂಡು ಕೊಳ್ಳಿ.

ಯುಎಸ್‌ಬಿ 3 ಕೇಸಿಂಗ್, ಪಿಎಚ್0 ಮತ್ತು ಪಿಎಚ್1 ಸ್ಕ್ರೂಡ್ರೈವರ್, ಕವರ್ ಬಿಡಿಸಲು ಪ್ಲಾಸ್ಟಿಕ್ ಪಿಕ್ ಇಷ್ಟಾದರೆ ಸಾಕು. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಎಲ್ಲವೂ ಸಿಗುತ್ತದೆ, ಕಳೆದುಹೋದ ಕ್ಯಾಡಿ, ಫ್ಲೆಕ್ಸ್ ಕೇಬಲ್ ಸಹಿತ. ಆದರೆ ಎಸ್‌ಎಸ್‌ಡಿಯನ್ನು ಬಿಲ್ ಇಲ್ಲದೆ ಕೊಳ್ಳಬೇಡಿ. ತಂದ ಕೂಡಲೇ, ಡೇಟಾ ಹಾಕುವ ಮೊದಲು, ಎಚ್2ಟೆಸ್ಟ್‌ಡಬ್ಲ್ಯು ಎಂಬ ಪ್ರೋಗ್ರಾಮ್‌ನಿಂದ ಪೂರ್ತಿ ಬರೆದು ಓದಿ ನೋಡಿ. ಲೇಬಲ್ ಮೇಲೆ 1 ಟಿಬಿ, ಒಳಗೆ 64 ಜಿಬಿ ಇರುವ ನಕಲಿ ಮಾಲು ಸಿಕ್ಕಿಬೀಳುವುದು ಹೀಗೆ.

ಬಿಚ್ಚುವುದು, ಕೂರಿಸುವುದು

ಶಟ್‌ಡೌನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿಯಿರಿ, ಫಾಸ್ಟ್ ಸ್ಟಾರ್ಟಪ್ ಇದ್ದರೂ ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗಿನದಾದರೆ ಅದನ್ನೂ ತೆಗೆದು, ಪವರ್ ಬಟನ್ 15 ಸೆಕೆಂಡ್ ಒತ್ತಿ.

ಕೆಲವದರಲ್ಲಿ ಹಿಂಬದಿಯ ಸಣ್ಣ ಬಾಗಿಲು ತೆಗೆದರೆ ಡಿಸ್ಕ್ ಎದುರಿಗೇ ಇರುತ್ತದೆ. ತೆಳು ಮಾದರಿಗಳಲ್ಲಿ ಇಡೀ ಬಾಟಮ್ ಕವರ್ ಬರಬೇಕು. ಎಲ್ಲ ಸ್ಕ್ರೂ ತೆಗೆದ ಮೇಲೂ ಒಂದು ಮೂಲೆ ಏಳದಿದ್ದರೆ ಬಲ ಹಾಕಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ: ರಬ್ಬರ್ ಕಾಲಿನ ಅಡಿಯಲ್ಲಿ, ಸ್ಟಿಕ್ಕರ್ ಕೆಳಗೆ, ಅಥವಾ ಡಿವಿಡಿ ಡ್ರೈವ್ ಎಳೆದು ತೆಗೆದ ಮೇಲೆ ಆ ಗೂಡಿನ ಅಂಚಿನಲ್ಲಿ. ಒಂದು ಕಾಗದದ ಮೇಲೆ ಲ್ಯಾಪ್‌ಟಾಪ್ ಆಕಾರ ಬರೆದು, ತೆಗೆದ ಸ್ಕ್ರೂಗಳನ್ನು ಆಯಾ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಅದು ಕೀಬೋರ್ಡ್ ಕಡೆ ಉಬ್ಬು ಮಾಡಿಕೊಂಡು ಹೊರಬರುತ್ತದೆ.

ಕವರ್ ಎತ್ತುವಾಗ ಅರ್ಧ ಇಂಚು ತೆರೆದು ಒಳಗೆ ಇಣುಕಿ. ಅದಕ್ಕೆ ಅಂಟಿಕೊಂಡ ರಿಬ್ಬನ್ ಕೇಬಲ್ ಇರಬಹುದು. ರಿಬ್ಬನ್‌ನ ಸಾಕೆಟ್‌ಗೆ ಕಪ್ಪು ಅಥವಾ ಬಿಳಿ ಪಟ್ಟಿಯ ಲಾಕ್ ಇರುತ್ತದೆ; ಉಗುರಿನಿಂದ ಅದನ್ನು ಮೇಲಕ್ಕೆತ್ತಿದರೆ ಕೇಬಲ್ ತಾನೇ ಸಡಿಲವಾಗುತ್ತದೆ. ಲಾಕ್ ಎತ್ತದೆ ಎಳೆದರೆ ಸಾಕೆಟ್ ಬೋರ್ಡ್‌ನಿಂದ ಕಿತ್ತುಬರುತ್ತದೆ, ಆ ರಿಪೇರಿಯ ಖರ್ಚು ಎಸ್‌ಎಸ್‌ಡಿಯದನ್ನು ಮೀರಬಹುದು. ಒಳಗೆ ಬ್ಯಾಟರಿ ಇದ್ದರೆ ಮೊದಲು ಅದರ ಕನೆಕ್ಟರ್ ಬಿಡಿಸಿ, ವೈರ್ ಹಿಡಿದು ಎಳೆಯದೆ ಪ್ಲಾಸ್ಟಿಕ್ ತುದಿಯನ್ನು ಎರಡೂ ಬದಿಯಿಂದ ಮೆಲ್ಲಗೆ ತಳ್ಳಿ.

ಡಿಸ್ಕ್‌ನ ಕ್ಯಾಡಿಯನ್ನು ಕನೆಕ್ಟರ್‌ನ ಎದುರು ದಿಕ್ಕಿಗೆ ನೇರ ಜಾರಿಸಿ, ಓರೆಯಾಗಿ ಎತ್ತಬೇಡಿ. ಕೆಲವು ಮಾದರಿಗಳಲ್ಲಿ ಡಿಸ್ಕ್ ಬಾಯಿಗೆ ಒಂದು ಸಣ್ಣ ಅಡಾಪ್ಟರ್ ಅಂಟಿಕೊಂಡಿರುತ್ತದೆ. ಅದು ಡಿಸ್ಕ್‌ನ ಭಾಗವೇ ಎಂದುಕೊಂಡು ಹಳೆಯದರ ಜೊತೆ ಬಿಸಾಡುವವರು ಬಹಳ. ಅದನ್ನು ಬಿಡಿಸಿ ಎಸ್‌ಎಸ್‌ಡಿಗೆ ಹಾಕಬೇಕು. ಕ್ಯಾಡಿಯ ನಾಲ್ಕು ಸ್ಕ್ರೂ ಎಂ3 ಅಳತೆಯವು, ಗಿಡ್ಡ. ಹಳೆಯವನ್ನೇ ಬಳಸಿ, ಬೇರೆಲ್ಲಿಂದಲೋ ತಂದ ಉದ್ದದ ಸ್ಕ್ರೂ ಎಸ್‌ಎಸ್‌ಡಿ ಒಳಗಿನ ಬೋರ್ಡ್‌ಗೆ ಚುಚ್ಚಬಹುದು.

ಮೊದಲ ಬೂಟ್

ನಕಲು ಮಾಡಿದ ಎಸ್‌ಎಸ್‌ಡಿ ಆಗಿದ್ದರೆ ಮೊದಲ ಸಲ ಅದೊಂದೇ ಡ್ರೈವ್ ಇರಲಿ. ಹಳೆಯದನ್ನೂ ಯುಎಸ್‌ಬಿಯಲ್ಲಿ ಚುಚ್ಚಿಟ್ಟರೆ ಎರಡರ ಗುರುತೂ ಒಂದೇ ಆಗಿ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ, ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ನೀಲಿ ಪರದೆ ಬಂದು ಬೂಟ್ ಡಿವೈಸ್ ಸಿಗುತ್ತಿಲ್ಲ ಎಂದರೆ ಬಯೋಸ್‌ನಲ್ಲಿ ಸಾಟಾ ಮೋಡ್ ಮೊದಲು ಹೇಗಿತ್ತೋ ಹಾಗೇ ಇದೆಯೇ ನೋಡಿ. ಎಎಚ್‌ಸಿಐ ಇದ್ದದ್ದು ರೇಡ್ ಆದರೆ, ಅಥವಾ ತಿರುವುಮುರುವಾದರೆ, ಇದೇ ಲಕ್ಷಣ.

ದೊಡ್ಡ ಎಸ್‌ಎಸ್‌ಡಿಗೆ ನಕಲು ಮಾಡಿದರೆ ಹೆಚ್ಚುವರಿ ಜಾಗ ಕೊನೆಯಲ್ಲಿ ಖಾಲಿ ಉಳಿಯುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಹಿಗ್ಗಿಸುವ ಆಯ್ಕೆ ಮಸುಕಾಗಿದ್ದರೆ, ನಡುವೆ ರಿಕವರಿ ಪಾರ್ಟಿಷನ್ ಅಡ್ಡ ಕೂತಿದೆ. ಪಾರ್ಟಿಷನ್ ಸರಿಸುವ ಜಿಪಾರ್ಟೆಡ್ ಪ್ರೋಗ್ರಾಮ್‌ನಿಂದ ಅದನ್ನು ಕೊನೆಗೆ ಸರಿಸಿ, ಆಮೇಲೆ ಹಿಗ್ಗಿಸಿ.

ನಕಲಿನಲ್ಲಿ ಸಿಗದ ಜಾಗಗಳು ಹೆಚ್ಚಿದ್ದರೆ ಅದನ್ನೇ ಓಡಿಸಲು ಹೆಣಗುವುದಕ್ಕಿಂತ, ಅದರಿಂದ ಡೇಟಾ ಬೇರೆಡೆಗೆ ಇಳಿಸಿಕೊಂಡು ಹೊಸದಾಗಿ ವಿಂಡೋಸ್ ಹಾಕುವುದು ಲೇಸು. 8 ಜಿಬಿ ಪೆನ್‌ಡ್ರೈವ್ ಸಾಕು. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿರುವುದರಿಂದ ಅದೇ ಎಡಿಷನ್ ಹಾಕಿದರೆ ಡಿಸ್ಕ್ ಬದಲಾದರೂ ತಾನಾಗಿ ಆಕ್ಟಿವೇಟ್ ಆಗುತ್ತದೆ. ಅದಕ್ಕೆಂದು ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಹಳೆಯ ಯಂತ್ರವಾದರೆ, ಬ್ರೌಸರ್ ಮತ್ತು ಟೈಪಿಂಗ್ ಕೆಲಸಕ್ಕೆ ಲಿನಕ್ಸ್ ಮಿಂಟ್ ಹಾಕುವುದನ್ನು ಯೋಚಿಸಿ, ಎಸ್‌ಎಸ್‌ಡಿ ಮೇಲೆ ಅದು ಚುರುಕಾಗಿ ಓಡುತ್ತದೆ.

ಹಳೆಯ ಡಿಸ್ಕ್

ಫೈಲ್‌ಗಳು ಹೊಸದರಲ್ಲಿ ನಿಜವಾಗಿ ತೆರೆಯುತ್ತವೆಯೇ ಎಂದು ನೋಡುವವರೆಗೆ ಹಳೆಯದನ್ನು ಮುಟ್ಟಬೇಡಿ. ಹೆಸರು ಕಂಡರೆ ಸಾಲದು, ಪ್ರತಿ ಫೋಲ್ಡರ್‌ನಿಂದ ಹತ್ತಾರು ಫೋಟೋ, ದಾಖಲೆ ತೆರೆದು ನೋಡಿ. ವಾರಂಟಿ ಉಳಿದಿದೆಯೇ ಎಂದು ತಯಾರಕರ ಜಾಲತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ತಿಳಿಯಬಹುದು. ಆದರೆ ವಾರಂಟಿಗೆ ಕಳಿಸಿದ ಡಿಸ್ಕ್ ಮರಳಿ ಬರುವುದಿಲ್ಲ, ಅದರೊಳಗಿನ ಡೇಟಾ ಜೊತೆಯಲ್ಲೇ ಹೋಗುತ್ತದೆ.

ಗುಜರಿಗೆ ಹಾಗೆಯೇ ಕೊಡಬೇಡಿ. ಅಳಿಸುವ ಸಾಫ್ಟ್‌ವೇರ್ ಕೆಟ್ಟ ಸೆಕ್ಟರ್‌ಗಳ ತನಕ ತಲುಪದು, ಪ್ಲ್ಯಾಟರ್ ಒಡೆಯುವುದೇ ಖಚಿತ. 2.5 ಇಂಚಿನ ಡಿಸ್ಕ್‌ಗಳ ಪ್ಲ್ಯಾಟರ್ ಹೆಚ್ಚಾಗಿ ಗಾಜಿನದು, ಪೆಟ್ಟು ಬಿದ್ದರೆ ಚೂರುಚೂರಾಗಿ ಸಿಡಿಯುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಮುಚ್ಚಳದ ನಡುಭಾಗವನ್ನು ಬಿಟ್ಟು ಅಂಚಿನ ಕಡೆಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿ; ನಡುವೆ ಇರುವುದು ಮೋಟಾರ್, ಡೇಟಾ ಅಲ್ಲ. ಅಲುಗಿಸಿದಾಗ ಒಳಗೆ ಗಾಜಿನ ಚೂರು ಗಲಗಲ ಎಂದರೆ ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಬಹುದು.